ಮುಳುಗುವ ಹಡಗಿಗೆ ತಂಪು ಬಂದ ಬಗೆ



ಏ.ಸಿ. ಎಂದೊಡನೆ ಅದು ಸಿರಿವಂತರ ಸುಖ ಎಂಬ ಭಾವನೆ ನಮ್ಮ ಗಡಿನಾಡ ಹಳ್ಳಿಗಳಲ್ಲಿ ಇದೆ. ನಾನು ಗುಮಾಸ್ತನಾಗಿದ್ದ ಬ್ಯಾಂಕಿನ ಶಾಖೆಗೆ ಗಣಕಯಂತ್ರ ಬಂದಾಗ ಅದಕ್ಕೆಂದೇ ಗಾಜಿನ ಕೋಣೆ ಕಟ್ಟಿ ಏ.ಸಿ. ಹಾಕಿದರು. ಲೆಡ್ಜರು ಬರೆಯುವ ನಾವು ಹೊರಗೆ ಫ್ಯಾನಿನ ಕೆಳಗೆ. ಮನುಷ್ಯನಿಗಿಂತ ಮೊದಲು ಯಂತ್ರಕ್ಕೆ ತಂಪು ಬೇಕಾಗುತ್ತದೆ ಎಂದು ಅಂದೇ ತಿಳಿಯಿತು. ಸಮುದ್ರದಡಿ ಸಾಗುವ ಜಲಾಂತರ್ಗಾಮಿಯ ಕಥೆಯೂ ಹೀಗೆಯೇ.

ತಣ್ಣೀರು ತುಂಬಿದ ಹಿತ್ತಾಳೆ ಚೊಂಬಿನ ಹೊರಮೈ ಬೆವರುವುದನ್ನು ತಾವು ಕಂಡಿದ್ದೀರಿ. ಜಲಾಂತರ್ಗಾಮಿ ಎಂದರೆ ಅದೇ ಚೊಂಬು, ಆದರೆ ತಲೆಕೆಳಗಾದ ಲೆಕ್ಕ. ತಣ್ಣೀರು ಹೊರಗೆ, ಬಿಸಿ ಒಳಗೆ. ಐವತ್ತು ಅರವತ್ತು ಜನರ ಉಸಿರು, ಅಡುಗೆಯ ಹಬೆ, ಡೀಸೆಲ್ ಎಂಜಿನ್ನಿನ ಕಾವು ಎಲ್ಲವೂ ಮುಚ್ಚಿದ ಉಕ್ಕಿನ ಕೊಳವೆಯೊಳಗೇ ಉಳಿಯುತ್ತವೆ. ಮುಳುಗಿದ ಮೇಲೆ ಕಿಟಕಿ ತೆರೆಯುವ ಮಾತೇ ಇಲ್ಲ. ತೇವವೆಲ್ಲ ಉಕ್ಕಿನ ಗೋಡೆಗೆ ತಾಗಿ ಹನಿಹನಿಯಾಗಿ ಇಳಿಯುತ್ತದೆ. ಮಲಗಿದವನ ಹಾಸಿಗೆ ಒದ್ದೆಯಾಗುವುದಿರಲಿ, ನೀರಿನಡಿಯಲ್ಲಿ ಹಡಗು ಓಡುವುದೇ ಬ್ಯಾಟರಿಯ ವಿದ್ಯುತ್ತಿನಿಂದ. ಆ ತಂತಿಗಳ ಮೇಲೆ ನೀರು ಬಿದ್ದರೆ ಶಾರ್ಟ್ ಆಗುತ್ತದೆ, ಬೆಂಕಿ ಹತ್ತುತ್ತದೆ. ಸಮುದ್ರದ ತಳದಲ್ಲಿ ಬೆಂಕಿ ಬಿದ್ದರೆ ಓಡುವುದೆಲ್ಲಿಗೆ?

ತಂಪು ಮಾಡುವ ಯಂತ್ರ ಹಡಗಿಗೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲೇ ಮಾಂಸ ಸಾಗಿಸುವ ಹಡಗುಗಳಲ್ಲಿ ಅದಿತ್ತು; 1882ರಲ್ಲಿ 'ಡ್ಯುನೆಡಿನ್' ಎಂಬ ಹಡಗು ನ್ಯೂಜಿಲೆಂಡಿನಿಂದ ಹೆಪ್ಪುಗಟ್ಟಿಸಿದ ಕುರಿಮಾಂಸವನ್ನು ಇಂಗ್ಲೆಂಡಿಗೆ ಮುಟ್ಟಿಸಿತು. ಜಲಾಂತರ್ಗಾಮಿಗೆ ಅಡ್ಡಿಯಾದದ್ದು ಯಂತ್ರದೊಳಗಿನ ಅನಿಲ. ಅಮೋನಿಯಾ ಸೋರಿದರೆ ಕಣ್ಣು, ಗಂಟಲು, ಎದೆ ಎಲ್ಲ ಉರಿ. ಮುಚ್ಚಿದ ಹಡಗಿನಲ್ಲಿ ಅದು ಸಾವಿಗೆ ಸಮ. 1930ರ ಸುಮಾರಿಗೆ ಫ್ರಿಯಾನ್-12 ಬಂತು. ಅದು ಹೊತ್ತಿಕೊಳ್ಳುವುದಿಲ್ಲ, ಸ್ವಲ್ಪ ಸೋರಿದರೆ ವಿಷವೂ ಅಲ್ಲ. ಅದು ಆಕಾಶದ ಓಝೋನ್ ಪದರಕ್ಕೆ ಕುತ್ತು ಎಂದು ಗೊತ್ತಾಗಿ 1987ರ ಮಾಂಟ್ರಿಯಲ್ ಒಪ್ಪಂದದ ಮೂಲಕ ಕೈಬಿಡಲು ತೀರ್ಮಾನವಾದದ್ದು ಬಹಳ ವರ್ಷಗಳ ನಂತರದ ಮಾತು.

1934ರಲ್ಲಿ ಅಮೆರಿಕದ ನೌಕಾಪಡೆಗೆ ಸೇರಿದ 'ಕಟಲ್‌ಫಿಶ್' ಅವರ ಮೊದಲ ಹವಾನಿಯಂತ್ರಿತ ಜಲಾಂತರ್ಗಾಮಿ. ಕನೆಕ್ಟಿಕಟ್ ರಾಜ್ಯದ ಗ್ರೋಟನ್ನಿನಲ್ಲಿ ಅದನ್ನು ಕಟ್ಟಿದರು. ಯೋಧರಿಗೆ ಇಂಥ ಸುಖ ಏಕೆ ಎಂದು ಹುಬ್ಬೇರಿಸಿದ ಹಿರಿಯ ಅಧಿಕಾರಿಗಳು ಇದ್ದರು. ಸ್ಥಳದ ಲೆಕ್ಕವೂ ಗಟ್ಟಿಯಾಗಿತ್ತೆನ್ನಿ. ಒಂದು ಪೆಟ್ಟಿಗೆ ಇಡಬೇಕಾದರೆ ಇನ್ನೊಂದನ್ನು ತೆಗೆಯಬೇಕಾದ ಜಾಗ ಅದು. ಮನೆಯ ಏ.ಸಿ.ಯಂತೆ ಬಿಸಿಗಾಳಿಯನ್ನು ಹೊರಕ್ಕೆ ಬಿಡುವಂತಿಲ್ಲ. ಆದ್ದರಿಂದ ಸಮುದ್ರದ ನೀರನ್ನೇ ಕೊಳವೆಗಳಲ್ಲಿ ಹಾಯಿಸಿ, ಅನಿಲದ ಬಿಸಿಯನ್ನು ಆ ನೀರಿಗೆ ದಾಟಿಸಿ ಹೊರಹಾಕುವ ಏರ್ಪಾಡು. ಒಳಗಿನ ಗಾಳಿಯನ್ನು ತಣ್ಣನೆಯ ಸುರುಳಿಗಳ ಮೇಲೆ ಬೀಸಿದಾಗ ತೇವ ಅಲ್ಲೇ ನೀರಾಗಿ ಇಳಿಯುತ್ತದೆ. ಸಿಹಿನೀರಿಗೆ ಬರವಿದ್ದ ಹಡಗಿನಲ್ಲಿ ಈ ನೀರು ಬಟ್ಟೆ ಒಗೆಯಲು ಒದಗಿತು! ಮುಂದೆ ಬಂದ ಅವರ ದೊಡ್ಡ ಜಲಾಂತರ್ಗಾಮಿಗಳಿಗೆಲ್ಲ ಈ ಯಂತ್ರ ಕೂಡಿಸಿದರು. ಶಾಂತ ಮಹಾಸಾಗರದ ಯುದ್ಧದಲ್ಲಿ ಅವು ಒಮ್ಮೆ ಹೊರಟರೆ ಎರಡು ತಿಂಗಳ ತನಕ ಕಡಲಲ್ಲೇ ಇರುತ್ತಿದ್ದವು.

ಆ ಯುದ್ಧಕ್ಕೆ ಏ.ಸಿ. ಇಲ್ಲದ ಹಳೆಯ 'ಎಸ್' ವರ್ಗದ ಜಲಾಂತರ್ಗಾಮಿಗಳೂ ಹೋದವು. ಒಳಗೆ ನೂರು ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಧಗೆ, ಮೈತುಂಬ ಬೆವರುಸಾಲೆ. ಹಾಗಿದ್ದೂ ಅವುಗಳಲ್ಲಿ ಒಂದಾದ 'ಎಸ್-44', 1942ರ ಆಗಸ್ಟ್ 10ರಂದು ಜಪಾನಿನ 'ಕಾಕೊ' ಎಂಬ ಭಾರಿ ಕ್ರೂಸರನ್ನು ಮುಳುಗಿಸಿತು. ಜನರ ಎದೆಗಾರಿಕೆಗೆ ತಲೆಬಾಗಬೇಕು. ಆದರೆ ಎದೆಗಾರಿಕೆಯನ್ನೇ ನಂಬಿ ಹಡಗು ಕಟ್ಟಲಾಗದು ಎಂಬುದಕ್ಕೆ ಇನ್ನೊಂದು ಪ್ರಸಂಗ ಕೇಳಿ.

1962ರ ಅಕ್ಟೋಬರಿನಲ್ಲಿ ಕ್ಯೂಬಾ ಬಿಕ್ಕಟ್ಟು. ಸೋವಿಯತ್ ರಷ್ಯಾ ತನ್ನ 'ಫಾಕ್ಸ್‌ಟ್ರಾಟ್' ಮಾದರಿಯ ನಾಲ್ಕು ಜಲಾಂತರ್ಗಾಮಿಗಳನ್ನು ಉತ್ತರದ ಹಿಮದ ಕಡಲಿನಿಂದ ಕಳುಹಿಸಿತು. ಅವುಗಳ ಏರ್ಪಾಡೆಲ್ಲ ಚಳಿ ಸಮುದ್ರಕ್ಕೆ ತಕ್ಕದ್ದು. ಹೋದದ್ದು ಬೆಚ್ಚನೆಯ ನೀರಿಗೆ. 'ಬಿ-59'ರ ಒಳಗೆ 45 ಡಿಗ್ರಿ ಸೆಲ್ಸಿಯಸ್ ದಾಟಿತು. ಕುಡಿಯುವ ನೀರಿಗೆ ಅಳತೆ. ಜನ ಮೂರ್ಛೆ ಬಿದ್ದರು. ಅಕ್ಟೋಬರ್ 27ರಂದು ಅಮೆರಿಕದ ಹಡಗುಗಳು ಅದನ್ನು ಸುತ್ತುವರಿದು ಎಚ್ಚರಿಕೆಯ ಸಿಡಿಮದ್ದು ಹಾಕತೊಡಗಿದವು. ಒಳಗೊಂದು ಅಣ್ವಸ್ತ್ರದ ಟಾರ್ಪಿಡೊ ಇತ್ತು. ಬಳಲಿ ಕೆರಳಿದ ಕ್ಯಾಪ್ಟನ್ ಸವಿಟ್‌ಸ್ಕಿ ಅದನ್ನು ಸಿದ್ಧಪಡಿಸಲು ಹೇಳಿದರೆಂದೂ, ಜೊತೆಗಿದ್ದ ಅಧಿಕಾರಿ ಅರ್ಖಿಪೊವ್ ಅವರನ್ನು ಸಮಾಧಾನಪಡಿಸಿದರೆಂದೂ ಒಳಗಿದ್ದ ಇನ್ನೊಬ್ಬ ಅಧಿಕಾರಿ ಮುಂದೆ ತಿಳಿಸಿದರು. ಜಲಾಂತರ್ಗಾಮಿ ಮೇಲಕ್ಕೆದ್ದಿತು. ಜಗತ್ತು ಉಳಿಯಿತು.

ಆದೋನಿ, ರಾಯದುರ್ಗದ ಕಡೆಯವರು ವಿಶಾಖಪಟ್ಟಣಕ್ಕೆ ಹೋದರೆ ಕಡಲ ತೀರದಲ್ಲಿ ನಿಲ್ಲಿಸಿರುವ 'ಕುರ್ಸುರಾ'ವನ್ನು ನೋಡಿ ಬನ್ನಿ. 1969ರಲ್ಲಿ ನಮ್ಮ ನೌಕಾಪಡೆಗೆ ಸೇರಿ 2001ರಲ್ಲಿ ನಿವೃತ್ತಿಯಾದ ಅದು 2002ರಿಂದ ವಸ್ತುಸಂಗ್ರಹಾಲಯ. ಅದೂ ಇದೇ ಫಾಕ್ಸ್‌ಟ್ರಾಟ್ ಮಾದರಿಯದು. ಉದ್ದ 91 ಮೀಟರ್, ಆದರೆ ಒಳಗೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕು. ತಲೆಯ ಮೇಲಿನ ತಂತಿ, ಕೊಳವೆಗಳನ್ನೂ ಮಕ್ಕಳಿಗೆ ತೋರಿಸಿ.