ಪದ್ಮಿನಿ ಕಾರಿನ ಚಕ್ರದಿಂದ ಸದ್ದು ಬರುತ್ತಿದೆಯೇ? ಕಾರಣ ಹೀಗೆ ಪತ್ತೆಹಚ್ಚಿ

ಥಾಣೆ: ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ 2023ರ ಅಕ್ಟೋಬರ್‌ನಲ್ಲಿ ಮುಂಬೈ ಟ್ಯಾಕ್ಸಿ ಸೇವೆಯಿಂದ ನಿವೃತ್ತಿಯಾಯಿತು. ಥಾಣೆ, ಡೊಂಬಿವಿಲಿ, ಕಲ್ಯಾಣ, ನವಿ ಮುಂಬೈ ಕಡೆ ಈ ಹಳೆಯ ಕಾರನ್ನು ಓಡಿಸುವವರು ಚಕ್ರದ ಸದ್ದನ್ನು ಕಡೆಗಣಿಸಬಾರದು. ಬೇರಿಂಗ್ ಪೂರ್ತಿ ಹಾಳಾದರೆ ಚಕ್ರವೇ ಕಳಚಬಹುದು.

ವೇಗ ಹೆಚ್ಚಿದಂತೆ ಗುಂಯ್ ಎನ್ನುವ ಸದ್ದೂ ಹೆಚ್ಚಿದರೆ ಬೇರಿಂಗ್ ಸವೆದಿರಬಹುದು. ಎಡಕ್ಕೆ ತಿರುಗುವಾಗ ಭಾರ ಬಲ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಜೋರಾದರೆ ಬಲಬದಿ ಪರೀಕ್ಷಿಸಿ. ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಬಂದಾಗ ಸದ್ದು ಬದಲಾದರೆ ಟೈರ್ ಕಾರಣವಿರಬಹುದು. ಬ್ರೇಕ್ ಒತ್ತಿದಾಗ ಮಾತ್ರ ಕರಕರ ಎಂದರೆ ಲೈನರ್ ನೋಡಿ.

ಜಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟು, ಮುಂದಿನ ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲುಗಾಡಿಸಿ. ಅಲುಗಾಡಿದರೆ ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ. ಅಲುಗಾಟ ನಿಂತರೆ ದೋಷ ಬೇರಿಂಗ್‌ನದು. ನಿಲ್ಲದಿದ್ದರೆ ಸಸ್ಪೆನ್ಷನ್ ಜಾಯಿಂಟ್‌ನದು.