ಸಂತ ಅಲೋಶಿಯಸನ ಬಾಳೂ ಮಂಗಳೂರೂ

ಯೇಸುಸಭೆಯ ಪಾದ್ರಿಗಳು 1880ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ಕಾಲೇಜಿಗೆ ಸಂತ ಅಲೋಶಿಯಸನ ಹೆಸರುಂಟಷ್ಟೆ. ಆ ಸಂತನಾದರೋ ಬೋಧಕನಾಗುವ ಮೊದಲೇ, ವಿದ್ಯಾರ್ಥಿದೆಸೆಯಲ್ಲಿಯೇ ಮಡಿದವನು. ಇಟಲಿಯ ಗೊಂಜಾಗಾ ಮನೆತನದಲ್ಲಿ 1568ರಲ್ಲಿ ಹಿರಿಯ ಮಗನಾಗಿ ಹುಟ್ಟಿದ ಈತನು, ತನಗೆ ಸಲ್ಲತಕ್ಕ ಸಂಸ್ಥಾನವನ್ನು ತಮ್ಮನಿಗೆ ಬಿಟ್ಟುಕೊಟ್ಟು, 1585ರಲ್ಲಿ ರೋಮಿನಲ್ಲಿ ಸಭೆಯನ್ನು ಸೇರಿದನು. 1591ರಲ್ಲಿ ಆ ನಗರದಲ್ಲಿ ಸಾಂಕ್ರಾಮಿಕ ರೋಗವು ಹಬ್ಬಲು, ರೋಗಿಗಳ ಶುಶ್ರೂಷೆಗೆ ನಿಂತು, ಅದೇ ಬೇನೆ ತಗಲಿ ಜೂನ್ 21ರಂದು ತೀರಿಕೊಂಡನು. ಆಗ ಆತನಿಗೆ 23 ವರ್ಷ. 1726ರಲ್ಲಿ ಸಂತಪದವಿಯು ಸಂದಿತು.

ಮಂಗಳೂರಿನ ಕಾಲೇಜಿನ ಪ್ರಾರ್ಥನಾಮಂದಿರದಲ್ಲಿ ಅಂತೋನಿಯೊ ಮೊಸ್ಕೇನಿಯು ಬರೆದ ಚಿತ್ರಗಳಲ್ಲಿ ಈ ಚರಿತ್ರೆಯು ಕಾಣುತ್ತದೆ. ಅದೇ ಸಭೆಯ ಆಗಸ್ಟಸ್ ಮುಲ್ಲರನು 1890ರಲ್ಲಿ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯವನ್ನು ತೆರೆದನು. ಆದುದರಿಂದ ಈ ಸಂತನ ಪರಂಪರೆಯನ್ನು ಅರಿಯಬಯಸುವವರು ಕಾಲೇಜಿನೊಡನೆ ಕಂಕನಾಡಿಯನ್ನೂ ನೋಡತಕ್ಕದ್ದು.