ಗೋಡೆಯ ಆಚೆಗೊಂದು ರೈಲು: ಮೆಟ್ರೊ ಗೇಟುಗಳ ಹಿಂದಿನ ಇತಿಹಾಸ



ಇತಿಹಾಸವೆಂದರೆ ರಾಜರು, ಯುದ್ಧಗಳು, ಕೋಟೆಗಳು ಎಂದೇ ನಮ್ಮ ಬಹುಪಾಲು ವಿದ್ಯಾರ್ಥಿಗಳು ತಿಳಿದಿದ್ದಾರೆ. ಆದರೆ ನಾವು ದಿನನಿತ್ಯ ದಾಟುವ ಒಂದು ಸಣ್ಣ ಬಾಗಿಲಿಗೂ ಇತಿಹಾಸವಿದೆ. ನಗರ ರೈಲು ನಿಲ್ದಾಣಗಳಲ್ಲಿ ಕಾರ್ಡು ತೋರಿಸಿದೊಡನೆ ತೆರೆದುಕೊಳ್ಳುವ ಗೇಟು ಅಂಥದ್ದು. ನಿಲ್ದಾಣದೊಳಗೆ ಹೋಗುವಾಗ ಒಂದು ಗೇಟು, ಹೊರಬರುವಾಗ ಇನ್ನೊಂದು ಗೇಟು. ಇದರ ಅರ್ಥ ಎಲ್ಲರಿಗೂ ಆಗುತ್ತದೆ. ಆದರೆ ಒಂದು ಮಾರ್ಗದಿಂದ ಇನ್ನೊಂದು ಮಾರ್ಗಕ್ಕೆ ಬದಲಾಯಿಸುವಾಗ, ಪ್ರಯಾಣ ಇನ್ನೂ ಮುಗಿಯದಿರುವಾಗ, ನಡುವೆ ಮತ್ತೊಂದು ಗೇಟು ಏಕೆ ನಿಂತಿರುತ್ತದೆ? ಕೆಲವು ನಗರಗಳಲ್ಲಿ ಅದು ಇದೆ, ಕೆಲವು ನಗರಗಳಲ್ಲಿ ಇಲ್ಲ. ಈ ವ್ಯತ್ಯಾಸಕ್ಕೆ ಕಾರಣವೇನು? ಉತ್ತರ ಹುಡುಕಲು ಜಪಾನಿನ ರಾಜಧಾನಿ ಟೋಕಿಯೊದ ಸುರಂಗ ರೈಲಿನ ಚರಿತ್ರೆಯನ್ನು ನೋಡೋಣ ಬನ್ನಿ.

ಹತ್ತು ಸೆನ್ ನಾಣ್ಯದ ಬಾಗಿಲು

ಲಂಡನ್ ನಗರದಲ್ಲಿ ಜಗತ್ತಿನ ಮೊದಲ ಸುರಂಗ ರೈಲು 1863ರಲ್ಲೇ ಓಡಿತ್ತು. ಅಲ್ಲಿನ ಸುರಂಗ ರೈಲನ್ನು ಕಂಡು ಬೆರಗಾದ ಜಪಾನಿನ ಉದ್ಯಮಿ ಹಯಾಕವಾ ನೊರಿತ್ಸುಗು, ತಮ್ಮ ದೇಶದಲ್ಲೂ ಇಂಥದ್ದು ಬೇಕೆಂದು ಹಟ ತೊಟ್ಟರು. ಅವರ ಕಂಪನಿಯು 1927ರ ಡಿಸೆಂಬರ್ 30ರಂದು ಉಯೆನೊ ಮತ್ತು ಅಸಕುಸಾ ನಡುವೆ 2.2 ಕಿಲೋಮೀಟರ್ ಉದ್ದದ ಮಾರ್ಗವನ್ನು ತೆರೆಯಿತು. ದರ ಎಲ್ಲರಿಗೂ ಒಂದೇ, ಹತ್ತು ಸೆನ್. ನಾಣ್ಯ ಹಾಕಿದರೆ ತಿರುಗಿ ದಾರಿ ಬಿಡುವ ಗೇಟನ್ನು ಅಲ್ಲಿ ಇಡಲಾಗಿತ್ತು. ಕೊಡುವ ಹಣ ಒಂದೇ, ಪಡೆಯುವ ಕಂಪನಿಯೂ ಒಂದೇ ಆದ್ದರಿಂದ ಗೇಟಿಗೆ ಯೋಚಿಸುವ ಕೆಲಸವೇ ಇರಲಿಲ್ಲ. ಮುಂದೆ ಮಾರ್ಗ ಬೆಳೆದು, ದೂರಕ್ಕೆ ತಕ್ಕ ದರ ಬಂದಾಗ ಆ ಸರಳ ಬಾಗಿಲು ಕೆಲಸಕ್ಕೆ ಬಾರದಾಯಿತು.

ಹಯಾಕವಾ ಅವರ ಮಾರ್ಗ 1934ರಲ್ಲಿ ಶಿಂಬಾಶಿ ಎಂಬಲ್ಲಿಗೆ ತಲುಪಿತು. ಅಷ್ಟರಲ್ಲಿ ಗೊತೊ ಕೇಯಿತಾ ಎಂಬ ಇನ್ನೊಬ್ಬ ಪ್ರಬಲ ಉದ್ಯಮಿಯ ಕಂಪನಿ ನಗರದ ಇನ್ನೊಂದು ಬದಿಯಾದ ಶಿಬುಯಾದಿಂದ ಸುರಂಗ ತೋಡುತ್ತಾ ಬರುತ್ತಿತ್ತು. 1939ರ ಜನವರಿಯಲ್ಲಿ ಅದೂ ಶಿಂಬಾಶಿಗೆ ಬಂದು ಮುಟ್ಟಿತು. ಎರಡೂ ಸುರಂಗಗಳು ಒಂದೇ ಊರಿನ ಒಂದೇ ನೆಲದಡಿಯಲ್ಲಿದ್ದರೂ ಮಾಲೀಕರ ನಡುವೆ ಒಪ್ಪಂದವಿರಲಿಲ್ಲ. ಗೊತೊ ಅವರ ಕಂಪನಿ ಶಿಂಬಾಶಿಯಲ್ಲೇ ತನ್ನದೊಂದು ಬೇರೆ ನಿಲ್ದಾಣ ಕಟ್ಟಿತು. ಪ್ರಯಾಣಿಕರು ಒಂದು ರೈಲಿನಿಂದ ಇಳಿದು, ಒಂದು ನಿಲ್ದಾಣ ಬಿಟ್ಟು, ಇನ್ನೊಂದು ನಿಲ್ದಾಣಕ್ಕೆ ನಡೆದು ಬೇರೆ ರೈಲು ಹತ್ತಬೇಕಾಯಿತು. ಸುಮಾರು ಎಂಟು ತಿಂಗಳು ಹೀಗೇ ನಡೆಯಿತು. 1939ರ ಸೆಪ್ಟೆಂಬರಿನಲ್ಲಿ ಎರಡೂ ಮಾರ್ಗಗಳ ರೈಲುಗಳು ನೇರವಾಗಿ ಓಡತೊಡಗಿದವು. ಗೊತೊ ಕಂಪನಿಯ ಆ ಪ್ಲಾಟ್‌ಫಾರ್ಮ್ ಮುಚ್ಚಿಹೋಯಿತು. ಇಂದಿಗೂ ಅದು ನೆಲದಡಿಯಲ್ಲಿದೆ, ಜನರು ಅದನ್ನು ಭೂತ ನಿಲ್ದಾಣವೆಂದು ಕರೆಯುತ್ತಾರೆ. 1941ರಲ್ಲಿ ಸರ್ಕಾರವು ಈ ಕಂಪನಿಗಳ ಸುರಂಗ ಮಾರ್ಗಗಳನ್ನು ಒಂದೇ ಸಾರ್ವಜನಿಕ ಸಂಸ್ಥೆಯ ಅಡಿಗೆ ತಂದಿತು.

ಇಲ್ಲಿ ಒಂದು ಅಂಶವನ್ನು ಗಮನಿಸಿ. ಶಿಂಬಾಶಿಯಲ್ಲಿ ಪ್ರಯಾಣಿಕನನ್ನು ತಡೆದದ್ದು ಕಲ್ಲೂ ಅಲ್ಲ, ಮಣ್ಣೂ ಅಲ್ಲ. ಎರಡು ಕಂಪನಿಗಳ ಎರಡು ಹಿಸಾಬಿನ ಪುಸ್ತಕಗಳು.

ಹಿಸಾಬಿನ ಕಥೆ

ಹಿಸಾಬು, ಜಮಾ, ಖರ್ಚು, ಬಾಕಿ, ರಸೀದಿ ಈ ಪದಗಳೆಲ್ಲ ಅರಬ್ಬಿ, ಫಾರಸಿಗಳಿಂದ ಬಂದು ಉರ್ದುವಿನಲ್ಲೂ ಕನ್ನಡದಲ್ಲೂ ಮನೆಮಾತಾಗಿವೆ. ಹಣ ಎಲ್ಲಿ ಎರಡು ಕೈಗಳ ನಡುವೆ ಹಂಚಿಕೆಯಾಗಬೇಕೋ ಅಲ್ಲಿ ಹಿಸಾಬು ಬೇಕು. ರೈಲ್ವೆಯವರು ಇದನ್ನು ಬಹಳ ಹಿಂದೆಯೇ ಅರಿತಿದ್ದರು. ಬ್ರಿಟನ್ನಿನಲ್ಲಿ ಹಲವು ರೈಲ್ವೆ ಕಂಪನಿಗಳು ಸೇರಿ 1842ರಲ್ಲೇ ರೈಲ್ವೆ ಕ್ಲಿಯರಿಂಗ್ ಹೌಸ್ ಎಂಬ ಲೆಕ್ಕದ ಕಚೇರಿಯನ್ನು ಆರಂಭಿಸಿದವು. ಪ್ರಯಾಣಿಕನು ಒಂದೇ ಟಿಕೆಟ್ಟಿನಲ್ಲಿ ಮೂರು ಕಂಪನಿಗಳ ಹಳಿಗಳ ಮೇಲೆ ಹೋದರೆ ಯಾರಿಗೆಷ್ಟು ಪಾಲು ಎಂಬುದನ್ನು ಅಲ್ಲಿನ ಗುಮಾಸ್ತರು ಲೆಕ್ಕ ಹಾಕುತ್ತಿದ್ದರು. ತೊಂದರೆ ಗುಮಾಸ್ತನ ಮೇಜಿನ ಮೇಲಿತ್ತು, ಪ್ರಯಾಣಿಕನ ಹೆಗಲ ಮೇಲಲ್ಲ.

ನಗರ ರೈಲಿನಲ್ಲಿ ಇದು ಇನ್ನೂ ಕಷ್ಟ. ಲಕ್ಷಾಂತರ ಜನ, ಸಣ್ಣ ಸಣ್ಣ ಪ್ರಯಾಣ, ಕಡಿಮೆ ದರ. ಯಾರು ಯಾವ ಮಾರ್ಗದಲ್ಲಿ ಬಂದರೆಂದು ಹೇಗೆ ತಿಳಿಯಬೇಕು? ಸುಲಭದ ಉಪಾಯವೆಂದರೆ ಎರಡು ಕಂಪನಿಗಳ ಗಡಿಯಲ್ಲೊಂದು ಗೇಟು ನಿಲ್ಲಿಸುವುದು. ಮಾರ್ಗಗಳ ನಡುವಿನ ಗೇಟು ಹುಟ್ಟಿದ್ದು ಹೀಗೆ.

ಕತ್ತರಿಯಿಂದ ಕಾರ್ಡಿನವರೆಗೆ

ಯುದ್ಧಾನಂತರ ಟೋಕಿಯೊ ಬೆಳೆಯಿತು. 1960ರಲ್ಲಿ ನಗರಾಡಳಿತವು ತೋಯೆಯಿ ಎಂಬ ಹೆಸರಿನಲ್ಲಿ ತನ್ನದೇ ಸುರಂಗ ರೈಲನ್ನು ಆರಂಭಿಸಿತು. ಅಂದಿನಿಂದ ಒಂದೇ ನಗರದಲ್ಲಿ ಎರಡು ಸುರಂಗ ರೈಲು ಸಂಸ್ಥೆಗಳಾದವು. 1941ರ ಸಂಸ್ಥೆಯೇ 2004ರಲ್ಲಿ ಟೋಕಿಯೊ ಮೆಟ್ರೊ ಎಂಬ ಕಂಪನಿಯಾಯಿತು. ಈಗ ಟೋಕಿಯೊ ಮೆಟ್ರೊ ಬಳಿ 9 ಮಾರ್ಗಗಳಿವೆ, ತೋಯೆಯಿ ಬಳಿ 4 ಮಾರ್ಗಗಳಿವೆ.

ಬಹಳ ಕಾಲ ಗೇಟಿನಲ್ಲಿ ಮನುಷ್ಯನೇ ನಿಂತು, ಕತ್ತರಿಯಂಥ ಉಪಕರಣದಿಂದ ಟಿಕೆಟ್ಟಿಗೆ ಗುರುತು ಹಾಕುತ್ತಿದ್ದನು. 1967ರಲ್ಲಿ ಒಸಾಕಾ ಬಳಿಯ ಕಿತಾಸೆನ್ರಿ ನಿಲ್ದಾಣದಲ್ಲಿ ಹಾನ್‌ಕ್ಯೂ ರೈಲ್ವೆಯು ಸ್ವಯಂಚಾಲಿತ ಗೇಟುಗಳನ್ನು ಅಳವಡಿಸಿತು. ಇಂದು ಒಮ್ರಾನ್ ಎಂದು ಹೆಸರಾಗಿರುವ ಕಂಪನಿ ಅವುಗಳನ್ನು ತಯಾರಿಸಿತ್ತು. ಒಸಾಕಾ ಪ್ರದೇಶದಲ್ಲಿ ಯಂತ್ರಗಳು ಬೇಗ ಹರಡಿದರೂ ಟೋಕಿಯೊದಲ್ಲಿ ಅವು ವ್ಯಾಪಕವಾದದ್ದು 1990ರ ದಶಕದಲ್ಲಿ. ಇದಕ್ಕೊಂದು ಮುಖ್ಯ ಕಾರಣವಿತ್ತು. ಅಲ್ಲಿ ಹಲವು ಕಂಪನಿಗಳ ಮಾರ್ಗಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಒಬ್ಬರ ಟಿಕೆಟ್ಟನ್ನು ಇನ್ನೊಬ್ಬರ ಯಂತ್ರ ಓದಬೇಕಿತ್ತು. ಎಲ್ಲರೂ ಒಂದೇ ವಿಧಾನಕ್ಕೆ ಒಪ್ಪದೆ ಯಂತ್ರ ಕೆಲಸ ಮಾಡದು.

ನಂತರ ಬಂದದ್ದು ಸಂಪರ್ಕವಿಲ್ಲದೆ ಓದುವ ಕಾರ್ಡು. ವಿಜ್ಞಾನದ ವಿದ್ಯಾರ್ಥಿಗಳು ಇದರ ಕ್ರಮವನ್ನು ತಿಳಿದಿರಬೇಕು. ಕಾರ್ಡಿನೊಳಗೆ ಬ್ಯಾಟರಿ ಇರುವುದಿಲ್ಲ. ಗೇಟಿನ ಯಂತ್ರದಿಂದ ಹೊರಡುವ ರೇಡಿಯೊ ಅಲೆಗಳು ಕಾರ್ಡಿನೊಳಗಿನ ತಂತಿಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತವೆ. ಆ ಕ್ಷಣದ ಶಕ್ತಿಯಿಂದಲೇ ಚಿಪ್ ಎಚ್ಚರಗೊಂಡು ತನ್ನಲ್ಲಿರುವ ಹಣವನ್ನು ಹೇಳುತ್ತದೆ, ಹತ್ತಿದ ನಿಲ್ದಾಣವನ್ನು ಬರೆದುಕೊಳ್ಳುತ್ತದೆ. ಸೋನಿ ಕಂಪನಿಯ ಇಂಥ ತಂತ್ರಜ್ಞಾನವು 1997ರಲ್ಲಿ ಹಾಂಕಾಂಗಿನ ಆಕ್ಟೋಪಸ್ ಕಾರ್ಡಿನಲ್ಲಿ ಬಳಕೆಗೆ ಬಂದಿತು. 2001ರ ನವೆಂಬರ್ 18ರಂದು ಜೆ.ಆರ್. ಈಸ್ಟ್ ರೈಲ್ವೆಯು ಟೋಕಿಯೊದಲ್ಲಿ ಸುಯಿಕಾ ಕಾರ್ಡನ್ನು ಹೊರತಂದಿತು. 2007ರ ಮಾರ್ಚ್ 18ರಂದು ಸುರಂಗ ರೈಲು, ಖಾಸಗಿ ರೈಲು ಮತ್ತು ಬಸ್ಸುಗಳ ಪಾಸ್ಮೊ ಕಾರ್ಡು ಬಂದಿತು. ಅದೇ ದಿನದಿಂದ ಎರಡೂ ಕಾರ್ಡುಗಳು ಪರಸ್ಪರರ ಗೇಟುಗಳಲ್ಲಿ ನಡೆಯತೊಡಗಿದವು. 2013ರಲ್ಲಿ ದೇಶದ 10 ಪ್ರಮುಖ ಕಾರ್ಡುಗಳಿಗೆ ಈ ಸೌಲಭ್ಯ ದೊರೆಯಿತು.

ಕಾಣದ ಗೋಡೆ

ಇಷ್ಟೆಲ್ಲ ಆದ ಮೇಲೆ ಪ್ರಯಾಣಿಕನ ಸಮಸ್ಯೆ ಮುಗಿಯಿತೇ? ಇಲ್ಲ. ಕಾರಣವನ್ನು ದರಪಟ್ಟಿಯೇ ಹೇಳುತ್ತದೆ. ರೈಲು ದರದಲ್ಲಿ ಮೊದಲ ಕೆಲವು ಕಿಲೋಮೀಟರಿಗೆ ಹೆಚ್ಚು, ನಂತರದ ದೂರಕ್ಕೆ ಕಡಿಮೆ. 2023ರ ಮಾರ್ಚ್‌ನಿಂದ ಜಾರಿಯಾದ ದರದಂತೆ ಟೋಕಿಯೊ ಮೆಟ್ರೊದಲ್ಲಿ 10 ಕಿಲೋಮೀಟರ್ ಹೋದರೆ ಟಿಕೆಟ್ಟಿಗೆ 210 ಯೆನ್. ಅದೇ 10 ಕಿಲೋಮೀಟರನ್ನು 6 ಕಿಲೋಮೀಟರ್ ಮೆಟ್ರೊದಲ್ಲಿ, 4 ಕಿಲೋಮೀಟರ್ ತೋಯೆಯಿಯಲ್ಲಿ ಹೋದರೆ 180 ಮತ್ತು 180, ಒಟ್ಟು 360 ಯೆನ್. ಎರಡೂ ಸಂಸ್ಥೆಗಳು ಸೇರಿ 70 ಯೆನ್ ರಿಯಾಯಿತಿ ಕೊಡುತ್ತವೆ. ಆದರೂ 290 ಯೆನ್ ಆಗುತ್ತದೆ. ದೂರ ಅಷ್ಟೇ, ಊರು ಅದೇ, 80 ಯೆನ್ ಹೆಚ್ಚು. ದಿನವೂ ಹೋಗಿ ಬರುವ ಕೂಲಿಕಾರನಿಗೆ, ಓದುವ ಹುಡುಗಿಗೆ ಇದು ಸಣ್ಣ ಮೊತ್ತವಲ್ಲ.

ಹಿಂದೆ ಎರಡನೇ ಟಿಕೆಟ್ಟು ಕೊಳ್ಳುವಾಗ ಜೇಬಿನಿಂದ ಹಣ ತೆಗೆಯಬೇಕಿತ್ತು, ಆದ್ದರಿಂದ ನೋವು ತಿಳಿಯುತ್ತಿತ್ತು. ಈಗ ಗೇಟು ಒಮ್ಮೆ ಸದ್ದು ಮಾಡುತ್ತದೆ, ಹಣ ಹೋಗುತ್ತದೆ. ಕಾರ್ಡು ಆ ಗೋಡೆಯನ್ನು ಒಡೆಯಲಿಲ್ಲ, ಕಣ್ಣಿಗೆ ಕಾಣದಂತೆ ಮಾಡಿತು ಅಷ್ಟೆ.

ಕುದಾನ್‌ಶಿತಾದ ಗೋಡೆ

ಆದರೆ ಒಂದು ಕಡೆ ನಿಜವಾದ ಗೋಡೆಯೇ ಇತ್ತು. ಕುದಾನ್‌ಶಿತಾ ನಿಲ್ದಾಣದಲ್ಲಿ ತೋಯೆಯಿಯ ಶಿಂಜುಕು ಮಾರ್ಗವೂ ಮೆಟ್ರೊದ ಹಂಜೊಮೊನ್ ಮಾರ್ಗವೂ ಒಂದೇ ಮಟ್ಟದಲ್ಲಿ ಅಕ್ಕಪಕ್ಕದಲ್ಲಿವೆ. ಎರಡು ಪ್ಲಾಟ್‌ಫಾರ್ಮ್‌ಗಳ ನಡುವೆ ಇದ್ದದ್ದು ಒಂದು ಗೋಡೆ ಮಾತ್ರ. ರೈಲು ಬದಲಿಸಲು ಮೆಟ್ಟಿಲು ಹತ್ತಿ, ಗೇಟು ದಾಟಿ, ಮತ್ತೆ ಮೆಟ್ಟಿಲು ಇಳಿಯಬೇಕಿತ್ತು. ವೃದ್ಧರ, ಅಂಗವಿಕಲರ, ಮಗು ಎತ್ತಿಕೊಂಡ ತಾಯಂದಿರ ಪಾಡನ್ನು ಊಹಿಸಿಕೊಳ್ಳಿ. ಟೋಕಿಯೊ ನಗರಾಡಳಿತದ ಉಪ ಗವರ್ನರ್ ಆಗಿದ್ದ, ಲೇಖಕರೂ ಆದ ಇನೊಸೆ ನಾವೊಕಿ ಇದನ್ನು 'ಮೂರ್ಖರ ಗೋಡೆ' ಎಂದು ಕರೆದು ತೆಗೆಯಲು ಒತ್ತಾಯಿಸಿದರು. 2013ರ ಮಾರ್ಚ್ 16ರಂದು ಗೋಡೆಯಿಲ್ಲದ ಪ್ಲಾಟ್‌ಫಾರ್ಮ್ ಜನರಿಗೆ ತೆರೆಯಿತು. ನಡುವಿನ ಗೇಟುಗಳೂ ಹೋದವು. ಈಗ ಪ್ರಯಾಣಿಕರು ಕೆಲವು ಹೆಜ್ಜೆ ನಡೆದು ಎದುರಿನ ರೈಲು ಹತ್ತುತ್ತಾರೆ.

ಗೋಡೆ ಹೋದರೂ ಎರಡು ಸಂಸ್ಥೆಗಳು ಒಂದಾಗಿಲ್ಲ. 2024ರ ಅಕ್ಟೋಬರಿನಲ್ಲಿ ಟೋಕಿಯೊ ಮೆಟ್ರೊ ಷೇರು ಮಾರುಕಟ್ಟೆಯನ್ನೂ ಪ್ರವೇಶಿಸಿತು. ಆದರೆ ಕುದಾನ್‌ಶಿತಾ ಒಂದು ಸತ್ಯವನ್ನು ತೋರಿಸಿಕೊಟ್ಟಿತು. ಹಿಸಾಬು ಬೇರೆ ಬೇರೆ ಇದ್ದರೂ ಪ್ರಯಾಣಿಕನ ದಾರಿ ಒಂದೇ ಆಗಿರಬಹುದು. ಲೆಕ್ಕವನ್ನು ಕಂಪನಿಗಳು ತಮ್ಮೊಳಗೆ ಮಾಡಿಕೊಳ್ಳಲಿ.

ಲಂಡನ್ ಇದಕ್ಕೆ ಬೇರೊಂದು ಉಪಾಯ ಕಂಡುಕೊಂಡಿದೆ. ಅಲ್ಲಿನ ಕೆಲವು ನಿಲ್ದಾಣಗಳಲ್ಲಿ ಮಾರ್ಗ ಬದಲಿಸುವ ಕಡೆ ಗೇಟಿಲ್ಲ, ಗುಲಾಬಿ ಬಣ್ಣದ ಕಾರ್ಡು ಯಂತ್ರವಿದೆ. ಅದು ಯಾರನ್ನೂ ತಡೆಯುವುದಿಲ್ಲ. ನಗರದ ದುಬಾರಿ ಕೇಂದ್ರಭಾಗವನ್ನು ಬಿಟ್ಟು ಹೊರಗಿನಿಂದ ಬಳಸಿ ಬಂದ ಪ್ರಯಾಣಿಕನು ಅದಕ್ಕೆ ಕಾರ್ಡು ಮುಟ್ಟಿಸಿದರೆ ಅವನಿಗೆ ಕಡಿಮೆ ದರ ಬೀಳುತ್ತದೆ. ಮುಟ್ಟಿಸದಿದ್ದರೆ ಕೇಂದ್ರದ ಮೂಲಕ ಬಂದನೆಂದು ಲೆಕ್ಕವಾಗಬಹುದು. ಉಪಾಯ ಚೆನ್ನಾಗಿದೆ, ಆದರೆ ತಿಳಿದವನಿಗೆ ಮಾತ್ರ ಲಾಭ. ತಿಳಿಯದವನು ಸುಮ್ಮನೆ ಹೆಚ್ಚು ತೆರುತ್ತಾನೆ.

ನಮ್ಮ ನಾಡಿಗೆ ಪಾಠ

ನಮ್ಮಲ್ಲಿಯೂ ಈ ಎರಡೂ ಬಗೆಯ ಉದಾಹರಣೆಗಳಿವೆ. ಬೆಂಗಳೂರಿನಲ್ಲಿ ನಮ್ಮ ಮೆಟ್ರೊ 2011ರ ಅಕ್ಟೋಬರ್ 20ರಂದು ಆರಂಭವಾಯಿತು. 2017ರ ಜೂನ್‌ನಲ್ಲಿ ಮೆಜೆಸ್ಟಿಕ್‌ನ ಕೆಂಪೇಗೌಡ ನಿಲ್ದಾಣದಲ್ಲಿ ನೇರಳೆ ಮತ್ತು ಹಸಿರು ಮಾರ್ಗಗಳು ಕೂಡಿದವು. ಅಲ್ಲಿ ಮಾರ್ಗ ಬದಲಿಸುವವರಿಗೆ ನಡುವೆ ಗೇಟಿಲ್ಲ, ಏಕೆಂದರೆ ಎರಡೂ ಒಂದೇ ನಿಗಮದವು. ದೆಹಲಿಯ ಪಕ್ಕದ ನೋಯ್ಡಾದಲ್ಲಿ 2019ರ ಜನವರಿಯಲ್ಲಿ ಬೇರೆ ನಿಗಮದ ಆಕ್ವಾ ಮಾರ್ಗ ಆರಂಭವಾಯಿತು, ಅಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ದೆಹಲಿ ಮೆಟ್ರೊದ ಸೆಕ್ಟರ್ 52 ನಿಲ್ದಾಣದಿಂದ ಹೊರಬಂದು, ರಸ್ತೆಯಲ್ಲಿ ನಡೆದು, ಸೆಕ್ಟರ್ 51ರಲ್ಲಿ ಮತ್ತೆ ಗೇಟು ದಾಟಬೇಕಿತ್ತು. ಶಿಂಬಾಶಿಯ ಕಥೆ 80 ವರ್ಷಗಳ ನಂತರ ಮರುಕಳಿಸಿತು. 2019ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ದೇಶಕ್ಕೆಲ್ಲ ಒಂದೇ ಸಾರಿಗೆ ಕಾರ್ಡನ್ನು ಜಾರಿಗೆ ತಂದಿತು. ಇದು ಸ್ವಾಗತಾರ್ಹ. ಆದರೆ ಒಂದೇ ಕಾರ್ಡು ಎಂದರೆ ಒಂದೇ ದರ ಎಂದಲ್ಲ ಎಂಬುದನ್ನು ಟೋಕಿಯೊ ನಮಗೆ ಕಲಿಸಿದೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರು ನಾಳೆ ಎಂಜಿನಿಯರುಗಳಾಗುತ್ತೀರಿ, ಲೆಕ್ಕಪರಿಶೋಧಕರಾಗುತ್ತೀರಿ, ಅಧಿಕಾರಿಗಳಾಗುತ್ತೀರಿ. ಯೋಜನೆಯ ನಕ್ಷೆ ನಿಮ್ಮ ಮೇಜಿಗೆ ಬಂದ ದಿನ ಗೇಟು ಎಲ್ಲಿರಬೇಕೆಂದು ಕೇಳುವ ಮೊದಲು, ಆ ಗೇಟು ಯಾರ ಅನುಕೂಲಕ್ಕೆ ಎಂದು ಕೇಳಿ. ಇಬ್ಬರು ಮಾಲೀಕರ ಲೆಕ್ಕ ಸರಿಯಾಗಲೆಂದು ಸಾವಿರಾರು ಜನ ಮೆಟ್ಟಿಲು ಹತ್ತಿ ಇಳಿಯುವುದು ನ್ಯಾಯವಲ್ಲ. ಇನ್ನುಳಿದವರು ಪ್ರಯಾಣಿಕರಾಗಿರುತ್ತೀರಿ. ನೀವು ನಿಮ್ಮ ಕಾರ್ಡಿನ ಲೆಕ್ಕವನ್ನು ಓದಲು ಕಲಿಯಿರಿ. ಯಾವ ಗೇಟಿನಲ್ಲಿ ಎಷ್ಟು ಹೋಯಿತೆಂದು ನೋಡಿ, ಹೆಚ್ಚು ಹೋಗಿದ್ದರೆ ಕಾರಣ ಕೇಳಿ. ಕುದಾನ್‌ಶಿತಾದ ಗೋಡೆ ತಾನಾಗಿ ಬೀಳಲಿಲ್ಲ. ಅದು ಏಕಿದೆ ಎಂದು ಕೇಳಿದವರಿದ್ದುದರಿಂದ ಬಿತ್ತು.